ಔಟ್‌ಬೋರ್ಡ್ ಮೋಟಾರಿನ ಬಜರ್ ಕೂಗಿದರೆ: ಆಯಿಲ್ ದೋಷ ಹುಡುಕುವ ಕ್ರಮ

ದೋಣಿ ಓಡುತ್ತಿರುವಾಗ ಅದರ ಹಿಂಬದಿಗೆ ಸಿಕ್ಕಿಸಿದ ಔಟ್‌ಬೋರ್ಡ್ ಮೋಟಾರಿನ ಬಜರ್ ಕೂಗಿತು ಅಂದರೆ ನಮ್ಮ ಕರಾವಳಿಯಲ್ಲಿ ಮೊದಲು ಕೇಳಿಬರುವ ಮಾತು, 'ಸೆನ್ಸರ್ ಹೋಗಿರಬೇಕು, ವೈರ್ ಕಿತ್ತು ಹಾಕಿ' ಅಂತ. ದಯವಿಟ್ಟು ಹಾಗೆ ಮಾಡಬೇಡಿ. ಉಪ್ಪುಗಾಳಿಗೆ ಸೆನ್ಸರ್ ಕೆಡುತ್ತದೆ, ಅದು ನಿಜ. ಆದರೆ ಇಂಜಿನ್ನಿಗೆ ಆಯಿಲ್ ಸರಿಯಾಗಿ ಹೋಗುತ್ತಿದೆ ಅಂತ ಕಣ್ಣಾರೆ ನೋಡಿದ ಮೇಲಷ್ಟೇ ಸೆನ್ಸರ್ ಮೇಲೆ ಅನುಮಾನ ಪಡಬೇಕು. ಆಯಿಲ್ ನಿಂತ ಟೂ-ಸ್ಟ್ರೋಕ್ ಇಂಜಿನ್ ಪೂರ್ತಿ ವೇಗದಲ್ಲಿ ಓಡಿದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳಲು ಹೆಚ್ಚು ಹೊತ್ತು ಬೇಕಿಲ್ಲ. ಬಜರ್ ಇರುವುದೇ ಆ ಸ್ವಲ್ಪ ಹೊತ್ತಿನಲ್ಲಿ ನಿಮ್ಮ ಕೈ ಥ್ರಾಟಲ್ ಮೇಲೆ ಹೋಗಲಿ ಅಂತ.

ಇಲ್ಲಿ ಹೇಳುವ ಕ್ರಮ ಇಷ್ಟೇ. ಮೊದಲು ಆಯಿಲ್ ನೋಡಿ, ಆಮೇಲೆ ತಂಪು ಮಾಡುವ ನೀರು ನೋಡಿ, ಕೊನೆಗೆ ವೈರ್ ಮತ್ತು ಸೆನ್ಸರ್. ಈ ಕ್ರಮ ತಿರುಗುಮುರುಗು ಮಾಡಿದವರೇ ಜಾಸ್ತಿ ದುಡ್ಡು ಕಳೆದುಕೊಳ್ಳುವುದು.

ಕೂಗಿದ ಕೂಡಲೇ

ವೇಗ ಇಳಿಸಿ, ನ್ಯೂಟ್ರಲ್‌ಗೆ ತನ್ನಿ. ಮೋಟಾರಿನ ಹಿಂದಿನ ಸಣ್ಣ ತೂತಿನಿಂದ ತಂಪು ಮಾಡುವ ನೀರು ಚಿಮ್ಮುತ್ತಿದೆಯೇ ನೋಡಿ. ಡ್ಯಾಶ್‌ಬೋರ್ಡಿನಲ್ಲಿ ಯಾವ ದೀಪ ಹೊತ್ತಿದೆ, ಶಬ್ದ ಒಂದೇ ಸಮನೆ ಇದೆಯೋ ಬಿಟ್ಟುಬಿಟ್ಟು ಬರುತ್ತಿದೆಯೋ, ಅದನ್ನೂ ಗಮನಿಸಿ. ಆಮೇಲೆ ಇಂಜಿನ್ ಆಫ್ ಮಾಡಿ, ಲಂಗರು ಹಾಕಿ.

ಒಂದು ಕಡೆ ಮಾತ್ರ ಇದಕ್ಕೆ ವಿನಾಯಿತಿ. ಅಳಿವೆ ಬಾಗಿಲಲ್ಲಿ ಅಲೆ ಒಡೆಯುವ ಜಾಗದಲ್ಲಿ ಇದ್ದರೆ ಇಂಜಿನ್ ನಿಲ್ಲಿಸಬೇಡಿ. ಕಡಿಮೆ ವೇಗದಲ್ಲೇ ಅಲ್ಲಿಂದ ಹೊರಗೆ ಬನ್ನಿ. ಇಂಜಿನ್ ಹೋದರೆ ಮತ್ತೆ ತರಬಹುದು. ದೋಣಿ ಅಡ್ಡ ತಿರುಗಿ ಮಗುಚಿದರೆ ಜನ ಹೋಗುತ್ತಾರೆ.

ಬಜರ್ ಜೊತೆಗೆ ವೇಗವೂ ತಾನಾಗಿಯೇ ಇಳಿಯಬಹುದು. ಎಷ್ಟೋ ಮೋಟಾರುಗಳು ಆಯಿಲ್ ಅಥವಾ ಬಿಸಿಯ ದೋಷ ಕಂಡರೆ ತಾವೇ ಆರ್‌ಪಿಎಂ ಇಳಿಸಿಕೊಳ್ಳುತ್ತವೆ. ಯಮಹಾದಲ್ಲಿ ಅದು ಸುಮಾರು 2000ಕ್ಕೆ ಬಂದು ನಿಲ್ಲುತ್ತದೆ. ಗಾಳಿ ಮತ್ತು ಅಲೆಯ ಸದ್ದಿನಲ್ಲಿ ಬಜರ್ ಕೇಳಿಸದೇ ಹೋದರೆ ಚಾಲಕನಿಗೆ ಗೊತ್ತಾಗುವುದು 'ದೋಣಿ ಎಳೆಯುತ್ತಿಲ್ಲ' ಅಂತ ಮಾತ್ರ. ಆಗ ಪೆಟ್ರೋಲ್ ಫಿಲ್ಟರ್, ಪ್ಲಗ್, ಕಾರ್ಬುರೇಟರ್ ಅಂತ ದಿನವಿಡೀ ಬಿಚ್ಚುತ್ತಾ ಕೂರುತ್ತಾರೆ. ಮೋಟಾರ್ 2000 ಆರ್‌ಪಿಎಂ ಹತ್ತಿರ ಸಿಕ್ಕಿಹಾಕಿಕೊಂಡ ಹಾಗೆ ವರ್ತಿಸಿದರೆ ಮೊದಲು ಅಲಾರಾಂ ದೀಪಗಳ ಕಡೆ ನೋಡಿ.

ನಿಮ್ಮ ಮೋಟಾರಿನಲ್ಲಿ ಆಯಿಲ್ ಎಲ್ಲಿಂದ ಬರುತ್ತದೆ?

ಇದು ಗೊತ್ತಿಲ್ಲದೆ ಮುಂದೆ ಹೋಗುವ ಹಾಗಿಲ್ಲ. ಸೀಮೆಎಣ್ಣೆಯಲ್ಲಿ ಓಡುವ ಹೆಚ್ಚಿನ ನಾಡದೋಣಿ ಮೋಟಾರುಗಳಿಗೆ ಆಯಿಲ್ ಟ್ಯಾಂಕೇ ಇಲ್ಲ. ಇಂಧನದ ಕ್ಯಾನಿಗೇ ಟೂ-ಟಿ ಆಯಿಲ್ ಹಾಕಿ ಕಲಸುತ್ತೇವೆ. ಅಂಥ ಮೋಟಾರಿಗೆ ಆಯಿಲ್ ಅಲಾರಾಂ ಇರುವುದಿಲ್ಲ. ಕಲಸುವ ಕೈ ತಪ್ಪಿದರೆ ಎಚ್ಚರಿಸುವವರು ಯಾರೂ ಇಲ್ಲ. ಅದರಲ್ಲಿ ಬಜರ್ ಇದ್ದು ಕೂಗಿದರೆ ಅದು ಬಿಸಿಯ ಅಲಾರಾಂ, ನೇರವಾಗಿ ನೀರಿನ ಭಾಗಕ್ಕೆ ಹೋಗಿ.

ಎರಡನೆಯದು ಆಯಿಲ್ ಇಂಜೆಕ್ಷನ್ ಇರುವ ಟೂ-ಸ್ಟ್ರೋಕ್. ಇದರಲ್ಲಿ ಆಯಿಲಿಗೆ ಬೇರೆ ಟ್ಯಾಂಕ್, ಬೇರೆ ಪಂಪ್ ಇರುತ್ತದೆ. ಇಂಜಿನ್ ತಿರುಗಿದ ಹಾಗೆ ಪಂಪ್ ತಿರುಗಿ ಆಯಿಲನ್ನು ಅಳೆದು ಕೊಡುತ್ತದೆ. ಥ್ರಾಟಲ್ ಹೆಚ್ಚಿಸಿದರೆ ಆಯಿಲೂ ಹೆಚ್ಚು. ಐಡಲ್‌ನಲ್ಲಿ ಸುಮಾರು 100 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್, ಪೂರ್ತಿ ವೇಗದಲ್ಲಿ 50 ಪಾಲಿಗೆ 1 ಪಾಲು. ಮೂರನೆಯದು ಫೋರ್-ಸ್ಟ್ರೋಕ್. ಕಾರಿನ ಇಂಜಿನ್ನಿನಂತೆಯೇ ಆಯಿಲ್ ಒಳಗೇ ಸುತ್ತುತ್ತಿರುತ್ತದೆ, ಪ್ರೆಷರ್ ಇಳಿದರೆ ಸ್ವಿಚ್ ಬಜರನ್ನು ಕೂಗಿಸುತ್ತದೆ.

ಯಾವುದೇ ಇರಲಿ, ಕೀ ಆನ್ ಮಾಡಿದಾಗ ಬಜರ್ ಒಂದು ಕ್ಷಣ ಕೂಗಿ ನಿಲ್ಲುವ ವ್ಯವಸ್ಥೆ ತುಂಬ ಮೋಟಾರುಗಳಲ್ಲಿ ಇದೆ. ಅದು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವ ಶಬ್ದ. ನಿಮ್ಮದರಲ್ಲಿ ಅದು ಇದ್ದು, ಒಂದು ದಿನ ಕೇಳಿಸಲಿಲ್ಲ ಅಂದರೆ ಸುಮ್ನೆ ಬಿಡಬೇಡಿ. ಕೂಗುವ ಬಜರ್‌ಗಿಂತ ಸತ್ತ ಬಜರ್ ಅಪಾಯ.

ಆಯಿಲ್ ಇಂಜೆಕ್ಷನ್ ಮೋಟಾರ್: ಮೊದಲು ಟ್ಯಾಂಕ್

ಸಣ್ಣ ಮತ್ತು ನಡು ಗಾತ್ರದ ಮೋಟಾರುಗಳಲ್ಲಿ ಆಯಿಲ್ ಟ್ಯಾಂಕ್ ಒಂದೇ, ಇಂಜಿನ್ನಿನ ಕವರ್ ಒಳಗೆ. ಅದು ಸುಲಭ. ಕವರ್ ತೆಗೆದು ಮಟ್ಟ ನೋಡಿ, ಕಡಿಮೆ ಇದ್ದರೆ ತುಂಬಿಸಿ. ಬಜರ್ ನಿಂತರೆ ಕೆಲಸ ಮುಗಿಯಿತು. ದೊಡ್ಡ ಮೋಟಾರುಗಳಲ್ಲಿ ಟ್ಯಾಂಕ್ ಎರಡು: ಒಂದು ದೋಣಿಯ ಒಳಗೆ, ಇನ್ನೊಂದು ಸಣ್ಣದು ಇಂಜಿನ್ ಮೇಲೆ. ಗೊಂದಲ ಹುಟ್ಟುವುದು ಇಲ್ಲೇ. ದೋಣಿಯ ಟ್ಯಾಂಕ್ ತುಂಬಿ ತುಳುಕುತ್ತಿರುತ್ತದೆ, ಬಜರ್ ಮಾತ್ರ ಕೂಗುತ್ತದೆ. 'ಆಯಿಲ್ ಇದೆಯಲ್ಲ, ಸೆನ್ಸರೇ ಸುಳ್ಳು' ಅಂತ ತೀರ್ಮಾನ ಮಾಡಿಬಿಡುತ್ತಾರೆ. ಬಜರ್ ಹೇಳುತ್ತಿರುವುದು ಇಂಜಿನ್ ಮೇಲಿನ ಟ್ಯಾಂಕಿನ ಮಾತು. ಅದನ್ನೇ ನೋಡಬೇಕು.

ಯಮಹಾದ ದೊಡ್ಡ ವಿ-6 ಟೂ-ಸ್ಟ್ರೋಕ್‌ಗಳಲ್ಲಿ ಮೂರು ದೀಪ ಇರುತ್ತವೆ. ಹಸಿರು ಅಂದರೆ ಸರಿ ಇದೆ. ಹಳದಿ ಅಂದರೆ ದೋಣಿಯ ಟ್ಯಾಂಕಿನಲ್ಲಿ ಆಯಿಲ್ ತೀರುತ್ತಿದೆ, ಇನ್ನೂ ಸ್ವಲ್ಪ ಸಮಯ ಇದೆ. ಕೆಂಪು ಅಂದರೆ ಇಂಜಿನ್ ಮೇಲಿನ ಟ್ಯಾಂಕೇ ಕೆಳಗೆ ಇಳಿದಿದೆ. ಬಜರ್ ಕೂಗುವುದು, ವೇಗ ಇಳಿಯುವುದು ಆಗಲೇ. ದೋಣಿಯ ಟ್ಯಾಂಕಿನಿಂದ ಮೇಲಕ್ಕೆ ಆಯಿಲ್ ಕಳಿಸುವುದು ಒಂದು ವಿದ್ಯುತ್ ಪಂಪ್. ಇಂಜಿನ್ ಕವರ್ ಒಳಗೆ ಒಂದು ತುರ್ತು ಸ್ವಿಚ್ ಇದೆ, ಅದನ್ನು ಒತ್ತಿ ಹಿಡಿದರೆ ಆ ಪಂಪ್ ನೇರವಾಗಿ ಓಡುತ್ತದೆ. ದೋಷ ಹುಡುಕಲು ಅದಕ್ಕಿಂತ ಒಳ್ಳೆಯ ಉಪಕರಣ ಇಲ್ಲ.

ಸ್ವಿಚ್ ಒತ್ತಿ ಕಿವಿಗೊಟ್ಟು ಕೇಳಿ. ಪಂಪ್ ಗುಂಯ್‌ಗುಡುತ್ತದೆ, ಮೇಲಿನ ಟ್ಯಾಂಕ್ ತುಂಬುತ್ತಿದೆ ಅಂದರೆ ಪಂಪೂ ಪೈಪೂ ಸರಿ ಇವೆ. ಪಂಪಿಗೆ 'ಓಡು' ಅಂತ ಹೇಳಬೇಕಾದ ಫ್ಲೋಟ್ ಸೆನ್ಸರ್ (ಆಯಿಲಿನಲ್ಲಿ ತೇಲುತ್ತಾ ಮಟ್ಟ ತಿಳಿಸುವ ಸೆನ್ಸರ್) ಅಥವಾ ಕಂಟ್ರೋಲ್ ಯೂನಿಟ್ ಕಡೆ ದೋಷ ಇದೆ. ಶಬ್ದ ಬರುತ್ತದೆ, ಆದರೆ ಆಯಿಲ್ ಏರುತ್ತಿಲ್ಲ ಅಂದರೆ ಜಾಲರಿ ಕಟ್ಟಿದೆ, ಪೈಪ್ ಮಡಚಿದೆ, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿದೆ. ಶಬ್ದವೇ ಇಲ್ಲ ಅಂದರೆ ಫ್ಯೂಸ್, ಕನೆಕ್ಟರ್, ಬ್ಯಾಟರಿ ನೋಡಿ. ಸ್ವಿಚ್ ಒತ್ತಿದಾಗ ಪಂಪಿನ ಕನೆಕ್ಟರಿನಲ್ಲಿ 12 ವೋಲ್ಟ್ ಬರುತ್ತಿದ್ದೂ ಅದು ತಿರುಗದಿದ್ದರೆ ಮಾತ್ರ ಪಂಪ್ ಸತ್ತಿದೆ ಅನ್ನಬಹುದು.

ಹಿನ್ನೀರಿನಲ್ಲಿ ಓಡುವ ಒಂದು ಪ್ರವಾಸಿ ದೋಣಿಯ ಮೋಟಾರ್ ನೆನಪಿಗೆ ಬರುತ್ತದೆ. ಎರಡು ಸಲ ಸೆನ್ಸರ್ ಬದಲಾಯಿಸಿದ್ದರೂ ಕೆಂಪು ದೀಪ ಆರಿರಲಿಲ್ಲ. ತುರ್ತು ಸ್ವಿಚ್ ಒತ್ತಿದರೆ ಪಂಪ್ ಗುಂಯ್ ಅನ್ನುತ್ತಿತ್ತು, ಟ್ಯಾಂಕ್ ಮಾತ್ರ ತುಂಬುತ್ತಿರಲಿಲ್ಲ. ದೋಣಿಯ ಟ್ಯಾಂಕಿನ ಜಾಲರಿ ತೆಗೆದು ನೋಡಿದರೆ ನೀರು ಮತ್ತು ಆಯಿಲ್ ಸೇರಿ ಗಟ್ಟಿ ಲೋಳೆಯಾಗಿ ಮೆತ್ತಿಕೊಂಡಿತ್ತು. ಜಾಲರಿ ತೊಳೆದು, ಟ್ಯಾಂಕ್ ಖಾಲಿ ಮಾಡಿ ಒರೆಸಿ, ಹೊಸ ಆಯಿಲ್ ಹಾಕಿದ ಮೇಲೆ ಹಸಿರು ದೀಪ ಬಂತು. ತೆಗೆದುಹಾಕಿದ್ದ ಹಳೆಯ ಸೆನ್ಸರಿಗೆ ಏನೂ ಆಗಿರಲಿಲ್ಲ.

ಮರ್ಕ್ಯುರಿ ಕಂಪನಿಯ ಹಳೆಯ ದೊಡ್ಡ ಟೂ-ಸ್ಟ್ರೋಕ್‌ಗಳ ದಾರಿ ಬೇರೆ. ಅಲ್ಲಿ ದೋಣಿಯ ಟ್ಯಾಂಕಿಗೆ ವಿದ್ಯುತ್ ಪಂಪ್ ಇಲ್ಲ. ಕ್ರ್ಯಾಂಕ್‌ಕೇಸಿನ, ಅಂದರೆ ಪಿಸ್ಟನ್ ಕೆಳಗಿನ ಕೋಣೆಯ ಒತ್ತಡ ಒಂದು ಪೈಪಿನಲ್ಲಿ ಬಂದು ಟ್ಯಾಂಕಿನೊಳಗೆ ಸೇರುತ್ತದೆ, ಅದೇ ಒತ್ತಡ ಇನ್ನೊಂದು ಪೈಪಿನಲ್ಲಿ ಆಯಿಲನ್ನು ಮೇಲಕ್ಕೆ ತಳ್ಳುತ್ತದೆ. ಹಾಗಾಗಿ ಟ್ಯಾಂಕ್ ಗಾಳಿಯಾಡದಂತೆ ಮುಚ್ಚಿರಲೇಬೇಕು. ಮುಚ್ಚಳದ ರಬ್ಬರ್ ವಾಷರ್ ಸೀಳಿದ್ದರೂ ಸಾಕು, ಮುಚ್ಚಳ ಸ್ವಲ್ಪ ಸಡಿಲ ಇದ್ದರೂ ಸಾಕು, ಆಯಿಲ್ ಮೇಲೇರುವುದಿಲ್ಲ. ಕೈಗೆ ಸಿಗುವ ವಾಷರನ್ನು ನೋಡದೆ ಸಾವಿರಾರು ರೂಪಾಯಿಯ ಬಿಡಿಭಾಗ ತರಿಸಬೇಡಿ. ಇಂಜಿನ್ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿದ ಕೂಡಲೇ ಮುಚ್ಚಳ ಮೆಲ್ಲಗೆ ಬಿಚ್ಚಿ. ಸುಸ್ಸ್ ಅಂತ ಗಾಳಿ ಹೊರಬಂದರೆ ಒತ್ತಡ ಬರುತ್ತಿದೆ. ಏನೂ ಬರದಿದ್ದರೆ ವಾಷರ್, ಪೈಪಿನ ಬಿರುಕು, ಒತ್ತಡದ ಪೈಪಿನಲ್ಲಿರುವ ಒಂದೇ ದಿಕ್ಕಿನ ವಾಲ್ವ್, ಈ ಮೂರನ್ನು ನೋಡಿ. ಈ ಮೋಟಾರುಗಳಲ್ಲಿ ಬಿಟ್ಟುಬಿಟ್ಟು ಬರುವ ಶಬ್ದ ಆಯಿಲಿನದು, ನಿಲ್ಲದೆ ಕೂಗುವುದು ಬಿಸಿಯದು.

ಟ್ಯಾಂಕ್ ತುಂಬಿದೆ, ಆದರೆ ಇಂಜಿನ್ನಿಗೆ ಹೋಗುತ್ತಿದೆಯೇ?

ಫ್ಲೋಟ್ ಸೆನ್ಸರ್ ಟ್ಯಾಂಕಿನ ಮಟ್ಟ ಮಾತ್ರ ಹೇಳುತ್ತದೆ. ಇಂಜಿನ್ನಿಗೆ ಆಯಿಲ್ ಅಳೆದು ಕೊಡುವ ಪಂಪ್ ಸತ್ತರೆ ಟ್ಯಾಂಕ್ ತುಂಬಿಯೇ ಇರುತ್ತದೆ, ದೀಪ ಹಸಿರಾಗಿಯೇ ಇರುತ್ತದೆ, ಇಂಜಿನ್ ಮಾತ್ರ ಒಣಗಿ ಸಾಯುತ್ತದೆ. ಹಾಗಾಗಿ ಬಜರ್ ಕೂಗದಿದ್ದರೂ ಆಯಿಲ್ ಖರ್ಚಿನ ಲೆಕ್ಕ ಇಡಬೇಕು. ನನ್ನ ಪ್ರಕಾರ ಈ ಮೋಟಾರುಗಳಿಗೆ ಮಾಡಬಹುದಾದ ಅತ್ಯಂತ ಒಳ್ಳೆಯ ಪರೀಕ್ಷೆ ಇದೇ, ದುಡ್ಡೂ ಬೇಕಿಲ್ಲ.

ಆಯಿಲ್ ಟ್ಯಾಂಕಿಗೆ ಒಂದು ಟೇಪ್ ಅಂಟಿಸಿ ಮಟ್ಟ ಗುರುತು ಮಾಡಿ. ಎರಡು ಟ್ಯಾಂಕ್ ಇದ್ದರೆ ಮೇಲಿನದು ತುಂಬಿದಾಗ ದೋಣಿಯ ಟ್ಯಾಂಕಿಗೆ ಗುರುತು ಹಾಕಿ. ಆಮೇಲೆ 25 ಲೀಟರ್ ಪೆಟ್ರೋಲ್ ಖರ್ಚಾಗುವ ತನಕ ಎಂದಿನಂತೆ ಓಡಿಸಿ. ಈಗ ಅಳತೆಯ ಪಾತ್ರೆಯಲ್ಲಿ ಆಯಿಲ್ ತೆಗೆದುಕೊಂಡು ಗುರುತಿನವರೆಗೆ ತುಂಬಿಸಿ. ಪೂರ್ತಿ ವೇಗದಲ್ಲೇ ಓಡಿಸಿದ್ದರೆ ಸುಮಾರು 500 ಮಿ.ಲೀ. ಹಿಡಿಯಬೇಕು. ಇಡೀ ಹೊತ್ತು ಮೆಲ್ಲಗೆ ಓಡಿಸಿದ್ದರೂ 250 ಮಿ.ಲೀ. ಹತ್ತಿರ ಹೋಗಿರಬೇಕು. 100 ಮಿ.ಲೀ. ಕೂಡ ಹಿಡಿಯಲಿಲ್ಲ ಅಂದರೆ ಆ ಮೋಟಾರನ್ನು ಹಾಗೇ ಓಡಿಸಬೇಡಿ. 500ಕ್ಕಿಂತ ತುಂಬ ಜಾಸ್ತಿ ಹಿಡಿದು, ಹೊಗೆ ದಟ್ಟವಾಗಿ ಬಂದು, ಪ್ಲಗ್ ಪದೇಪದೇ ಕಪ್ಪಾಗಿ ಒದ್ದೆಯಾಗುತ್ತಿದ್ದರೆ ಪಂಪಿನ ಲಿವರ್ ಪೂರ್ತಿ ವೇಗದ ಜಾಗದಲ್ಲೇ ಸಿಕ್ಕಿಕೊಂಡಿದೆ.

ಕಡಿಮೆ ಹೋಗುತ್ತಿದ್ದರೆ ಮೊದಲು ಪಂಪಿನ ಲಿವರಿನ ಕಡ್ಡಿ ನೋಡಿ. ಥ್ರಾಟಲ್ ತಿರುಗಿಸಿದಾಗ ಅದು ಜೊತೆಗೇ ಆಡಬೇಕು. ಕಾರ್ಬುರೇಟರ್ ಬಿಚ್ಚಿ ಕಟ್ಟಿದವರು ಈ ಕಡ್ಡಿ ಸಿಕ್ಕಿಸಲು ಮರೆಯುವುದುಂಟು. ಇದು ತಪ್ಪಿದ್ದರೆ ಐಡಲ್‌ನಲ್ಲಿ ಎಲ್ಲ ಸರಿ ಇರುತ್ತದೆ, ವೇಗ ಹೆಚ್ಚಿದಾಗ ಆಯಿಲ್ ಸಾಲದೆ ಹೋಗುತ್ತದೆ. ಆಮೇಲೆ ಪಾರದರ್ಶಕ ಪೈಪುಗಳಲ್ಲಿ ಗುಳ್ಳೆ ಇದೆಯೇ ನೋಡಿ. ಟ್ಯಾಂಕ್ ಒಂದು ಸಲ ಪೂರ್ತಿ ಬರಿದಾಗಿದ್ದರೆ ಪೈಪಿನಲ್ಲಿ ಗಾಳಿ ಸೇರಿರುತ್ತದೆ, ತುಂಬಿಸಿದ ಮಾತ್ರಕ್ಕೆ ಪಂಪ್ ಆಯಿಲ್ ಎಳೆಯುವುದಿಲ್ಲ. ಪಂಪಿನ ಮೇಲಿರುವ ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಆಯಿಲ್ ಸುರಿಯುವ ತನಕ ಬಿಟ್ಟು, ಮತ್ತೆ ಬಿಗಿ ಮಾಡಿ. ಕೆಲವು ಮೋಟಾರುಗಳಲ್ಲಿ ಪಂಪನ್ನು ತಿರುಗಿಸುವುದು ಪ್ಲಾಸ್ಟಿಕ್ ಗೇರ್. ಅದರ ಹಲ್ಲು ಸವೆದಿದ್ದರೆ ಪಂಪ್ ತಿರುಗುವುದೇ ಇಲ್ಲ.

ಆಯಿಲ್ ವ್ಯವಸ್ಥೆಗೆ ಕೈ ಹಾಕಿದಾಗೆಲ್ಲ ಒಂದು ನಿಯಮ ಬಿಡಬೇಡಿ. ಪರೀಕ್ಷೆ ಮುಗಿಯುವ ತನಕ ಬೇರೆ ಕ್ಯಾನಿನಲ್ಲಿ ಆಯಿಲ್ ಕಲಸಿದ ಪೆಟ್ರೋಲ್ ಇಟ್ಟುಕೊಂಡು ಅದರಲ್ಲೇ ಓಡಿಸಿ. 20 ಲೀಟರಿಗೆ 400 ಮಿ.ಲೀ. ಆಯಿಲ್ ಸಾಕು. ಪಂಪೂ ಕೆಲಸ ಮಾಡುತ್ತಿದ್ದರೆ ಹೊಗೆ ಜಾಸ್ತಿ ಬರುತ್ತದೆ ಅಷ್ಟೇ. ಪಂಪ್ ಕೆಟ್ಟಿದ್ದರೂ ಇಂಜಿನ್ ಉಳಿಯುತ್ತದೆ.

ಆಯಿಲ್ ಯಾವುದು ಅನ್ನುವುದೂ ಮುಖ್ಯ. ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಅಂತ ಬರೆದಿರಬೇಕು, ಅದು ನೀರಿನಿಂದ ತಣ್ಣಗಾಗುವ ಟೂ-ಸ್ಟ್ರೋಕ್ ಇಂಜಿನ್ನಿನ ಆಯಿಲ್ ಗುಣಮಟ್ಟದ ಗುರುತು. ಬೈಕು, ಆಟೋಗಳಿಗೆಂದು ಮಾರುವ ಟೂ-ಟಿ ಆಯಿಲ್ ಅಗ್ಗ ಅಂತ ಸುರಿಯುತ್ತಾರೆ. ಗಾಳಿಯಿಂದ ತಣ್ಣಗಾಗುವ ಇಂಜಿನ್ನಿಗೆ ಮಾಡಿದ ಆಯಿಲ್ ಉರಿದ ಮೇಲೆ ಬೂದಿ ಬಿಡುತ್ತದೆ. ನೀರಿನಿಂದ ತಣ್ಣಗಾಗುವ ಔಟ್‌ಬೋರ್ಡಿನಲ್ಲಿ ಅದು ಪಿಸ್ಟನ್ ಮೇಲೆ, ರಿಂಗ್ ಸಂದಿನಲ್ಲಿ ಕೂರುತ್ತದೆ.

ಫೋರ್-ಸ್ಟ್ರೋಕ್: ಅಲಾರಾಂ ಯಾವಾಗ ಕೂಗುತ್ತದೆ?

ಮೋಟಾರನ್ನು ನೆಟ್ಟಗೆ ಇಳಿಸಿ, ನಿಲ್ಲಿಸಿ ಕೆಲವು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಎತ್ತಿಟ್ಟ ಮೋಟಾರಿನಲ್ಲಿ ಮಟ್ಟ ಸುಳ್ಳು ತೋರಿಸುತ್ತದೆ. ಮಟ್ಟ ಕಡಿಮೆ ಇದ್ದರೆ ತುಂಬಿಸಿ, ಎಲ್ಲಿಂದ ಸೋರಿತು ಅಂತ ಹುಡುಕಿ. ಮಟ್ಟ ಸರಿ ಇದ್ದರೂ ಬಣ್ಣ, ವಾಸನೆ ನೋಡದೆ ಬಿಡಬೇಡಿ. ಮಜ್ಜಿಗೆಯ ಹಾಗೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಆ ಇಂಜಿನ್ ಮತ್ತೆ ಸ್ಟಾರ್ಟ್ ಮಾಡಬೇಡಿ, ಎಳೆದುಕೊಂಡೇ ದಡಕ್ಕೆ ತನ್ನಿ. ಮಟ್ಟ ಗುರುತಿಗಿಂತ ಮೇಲೇರಿ ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ ಪೆಟ್ರೋಲ್ ಇಳಿದು ಆಯಿಲ್ ತೆಳುವಾಗಿದೆ. ಗಂಟೆಗಟ್ಟಲೆ ಮೆಲ್ಲಗೆ ಓಡಿಸುವುದು, ತೆರೆದೇ ಉಳಿದ ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ತಂಪು ನೀರಿನ ದಾರಿ ತೆರೆದು ಮುಚ್ಚುವ ವಾಲ್ವ್), ಕಾರ್ಬುರೇಟರ್ ಮೋಟಾರಾದರೆ ಹರಿದ ಪೆಟ್ರೋಲ್ ಪಂಪಿನ ಡಯಾಫ್ರಾಮ್, ಇವೆಲ್ಲ ಕಾರಣ ಆಗಬಹುದು. ಕಾರಣ ಸರಿ ಮಾಡದೆ ಬರೀ ಆಯಿಲ್ ಬದಲಾಯಿಸಿದರೆ ಮತ್ತೆ ಅದೇ ಕಥೆ.

ಆಯಿಲ್ ನೋಡಲು ಚೆನ್ನಾಗಿದ್ದೂ ಅಲಾರಾಂ ಬಂದರೆ ಅದು ಬರುವ ಹೊತ್ತನ್ನು ಗಮನಿಸಿ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಐಡಲ್‌ನಲ್ಲಿ ಮಾತ್ರ ಕೂಗಿ, ಸ್ವಲ್ಪ ಥ್ರಾಟಲ್ ಕೊಟ್ಟರೆ ನಿಲ್ಲುತ್ತದೆಯೇ? ಪ್ರೆಷರ್ ಅತಿ ಕಡಿಮೆ ಇರುವುದು ಆಗಲೇ. ಆಯಿಲ್ ತೆಳುವಾಗಿರಬಹುದು, ಬೇರಿಂಗ್ ಸವೆದಿರಬಹುದು, ಸ್ವಿಚ್ ದುರ್ಬಲವಾಗಿರಬಹುದು. ಬದಲಿಗೆ ವೇಗ ಹೆಚ್ಚಿಸಿದಾಗ ಮಾತ್ರ ಕೂಗಿದರೆ ಪಂಪ್ ಗಾಳಿ ಎಳೆಯುತ್ತಿದೆ. ಮಟ್ಟ ಕಡಿಮೆ ಇದ್ದರೂ ಹೀಗಾಗುತ್ತದೆ, ತುಂಬ ಜಾಸ್ತಿ ಹಾಕಿ ನೊರೆ ಬಂದರೂ ಹೀಗೇ ಆಗುತ್ತದೆ. ಒಳಗಿನ ಜಾಲರಿ ಕಟ್ಟಿರುವ ಸಾಧ್ಯತೆಯೂ ಇದೆ.

ಇಷ್ಟಾದ ಮೇಲೂ ಅನುಮಾನ ಉಳಿದರೆ ಸ್ವಿಚ್ ಬಿಚ್ಚಿ ಅದೇ ತೂತಿಗೆ ಮುಳ್ಳಿನ ಪ್ರೆಷರ್ ಗೇಜ್ ಹಾಕಿ ಓಡಿಸಿ ನೋಡಿ. ನಿಮ್ಮ ಮಾಡೆಲಿನ ಸರ್ವಿಸ್ ಕೈಪಿಡಿಯಲ್ಲಿರುವ ಪ್ರೆಷರ್ ಬಂದರೆ ಸ್ವಿಚ್ ಬದಲಾಯಿಸಿ. ಬರದಿದ್ದರೆ ಇಂಜಿನ್ ಬಿಚ್ಚಲೇಬೇಕು. ಗೇಜ್ ಹಾಕದೆ ಈ ಎರಡರಲ್ಲಿ ಯಾವುದು ಅಂತ ಊಹಿಸುವ ಮೆಕ್ಯಾನಿಕ್ ಮಾತನ್ನು ಒಪ್ಪಬೇಡಿ.

ಸುಜುಕಿಯ ಕೆಲವು ಫೋರ್-ಸ್ಟ್ರೋಕ್‌ಗಳಲ್ಲಿ ಆಯಿಲ್ ಬದಲಾಯಿಸುವ ಸಮಯ ಬಂದಾಗಲೂ ದೀಪ, ಶಬ್ದ ಬರುತ್ತವೆ. ಹೊಸ ಮೋಟಾರಿಗೆ 20 ಗಂಟೆ ಓಡಿದ ಮೇಲೆ, ಆಮೇಲೆ 100 ಗಂಟೆಗೊಮ್ಮೆ. ಅದು ದೋಷ ಅಲ್ಲ. ಆಯಿಲ್ ಬದಲಾಯಿಸಿ, ಕೈಪಿಡಿಯಲ್ಲಿ ಹೇಳಿದ ಹಾಗೆ ರೀಸೆಟ್ ಮಾಡಿದರೆ ನಿಲ್ಲುತ್ತದೆ.

ಆಯಿಲ್ ಸರಿ ಇದ್ದರೆ ನೀರು

ಚಿಮ್ಮುವ ನೀರು ನಿಂತಿದ್ದರೆ ಮೊದಲು ಆ ತೂತಿಗೆ ದಪ್ಪ ನೈಲಾನ್ ದಾರ ತೂರಿಸಿ ನೋಡಿ. ಕೆಸರು, ಉಪ್ಪು ಕಟ್ಟಿರುವುದು ಸಾಮಾನ್ಯ. ಕೆಳಗೆ ನೀರು ಎಳೆಯುವ ಜಾಲರಿಗೆ ಪ್ಲಾಸ್ಟಿಕ್ ಚೀಲವೋ ಬಲೆಯ ತುಂಡೋ ಸುತ್ತಿಕೊಂಡಿರಬಹುದು. ಮೋಟಾರ್ ನಿಲ್ಲಿಸಿ, ಎತ್ತಿ ನೋಡಿ. ಎರಡೂ ಸರಿ ಇದ್ದರೆ ಇಂಪೆಲ್ಲರ್, ಅಂದರೆ ನೀರಿನ ಪಂಪಿನ ರಬ್ಬರ್ ಚಕ್ರ ನೋಡಿ. ದಡದ ಮೇಲೆ ನೀರಿಲ್ಲದೆ 'ಒಂದೇ ಸಲ ಸ್ಟಾರ್ಟ್ ಮಾಡಿ ನೋಡ್ತೇನೆ' ಅನ್ನುವವರು ಆ ರಬ್ಬರ್ ರೆಕ್ಕೆಗಳನ್ನು ಸುಡುತ್ತಾರೆ.

ನೀರು ಚೆನ್ನಾಗಿ ಚಿಮ್ಮುತ್ತಿದ್ದೂ ಬಿಸಿಯ ಅಲಾರಾಂ ಬಂದರೆ ಥರ್ಮೋಸ್ಟಾಟ್ ನೋಡಿ. ಮಾಡೆಲಿಗೆ ತಕ್ಕಂತೆ ಸುಮಾರು 50ರಿಂದ 60 ಡಿಗ್ರಿಯಲ್ಲಿ ಅದು ತೆರೆಯಬೇಕು. ಪಾತ್ರೆಯ ನೀರಿನಲ್ಲಿ ಇಟ್ಟು ಬಿಸಿ ಮಾಡಿದರೆ ಕಣ್ಣಿಗೇ ಕಾಣುತ್ತದೆ. ದೂರದಿಂದ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಸಿಲಿಂಡರ್ ಹೆಡ್‌ಗಳನ್ನು ಹೋಲಿಸಿ ನೋಡಿ. ಒಂದು ಕಡೆ ಮಾತ್ರ ಜಾಸ್ತಿ ಬಿಸಿ ಇದ್ದರೆ ಆ ಕಡೆಯ ನೀರಿನ ದಾರಿಯಲ್ಲಿ ಉಪ್ಪು ಕಟ್ಟಿದೆ.

ಈಗ ವೈರ್, ಸೆನ್ಸರ್

ಹೆಚ್ಚಿನ ಅಲಾರಾಂ ಸ್ವಿಚ್‌ಗಳು ಮಾಡುವ ಕೆಲಸ ಒಂದೇ: ಬಜರಿನ ವೈರನ್ನು ಇಂಜಿನ್ನಿನ ಮೈಗೆ, ಅಂದರೆ ಅರ್ಥ್‌ಗೆ ತಾಗಿಸುವುದು. ಹಾಗಾಗಿ ಪರೀಕ್ಷೆ ಸುಲಭ. ಕೀ ಆನ್ ಇಟ್ಟು ಸ್ವಿಚ್ಚಿನ ಹತ್ತಿರ ಅದರ ವೈರ್ ಬಿಡಿಸಿ. ಕೂಗು ನಿಂತರೆ ದೋಷ ಸ್ವಿಚ್ಚಿನಲ್ಲಿದೆ. ನಿಲ್ಲದಿದ್ದರೆ ದಾರಿಯಲ್ಲಿ ಎಲ್ಲೋ ವೈರ್ ಸಿಪ್ಪೆ ಸುಲಿದು ಲೋಹಕ್ಕೆ ತಾಗುತ್ತಿದೆ. ಸ್ಟೀರಿಂಗ್ ತಿರುಗಿಸಿದಾಗ ಮಾತ್ರ ಕೂಗುವ ಮೋಟಾರಿನಲ್ಲಿ ಸಾಮಾನ್ಯವಾಗಿ ಇದೇ ಕಾರಣ. ಪರೀಕ್ಷೆ ಮುಗಿದ ಕೂಡಲೇ ವೈರ್ ವಾಪಸ್ ಸಿಕ್ಕಿಸಿ.

ಫ್ಲೋಟ್ ಸೆನ್ಸರ್ ಹೊರಗೆ ತೆಗೆದು, ಮಲ್ಟಿಮೀಟರ್ ಹಚ್ಚಿ, ಫ್ಲೋಟನ್ನು ಕೈಯಲ್ಲಿ ಮೇಲೆ ಕೆಳಗೆ ಆಡಿಸಿ. ಒಂದು ಜಾಗದಲ್ಲಿ ಮೀಟರ್ ಕೂಗಬೇಕು, ಇನ್ನೊಂದರಲ್ಲಿ ನಿಲ್ಲಬೇಕು. ಫ್ಲೋಟ್ ಅಂಟಿಕೊಂಡಿದ್ದರೆ ತೊಳೆದರೆ ಸಾಕು.

ನಮ್ಮ ಕಡೆ ಇಂಥ ದೋಷ ಜಾಸ್ತಿ ಕಾಣುವುದು ಆಗಸ್ಟ್ ತಿಂಗಳಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ ಇರುವಾಗ ದೊಡ್ಡ ಮೋಟಾರುಗಳು ಶೆಡ್ಡಿನಲ್ಲಿ ಕೂತಿರುತ್ತವೆ. ಮಳೆಗಾಲದ ತೇವಕ್ಕೆ ಕನೆಕ್ಟರಿನ ಪಿನ್ನು ಹಸಿರುಗಟ್ಟುತ್ತದೆ, ಅರ್ಧ ತುಂಬಿದ ಆಯಿಲ್ ಟ್ಯಾಂಕಿನ ಒಳಗೋಡೆಯಲ್ಲಿ ನೀರ ಹನಿ ಕೂತು ತಳಕ್ಕೆ ಇಳಿಯುತ್ತದೆ. ಆಯಿಲ್ ಮೇಲೆ ತೇಲುವುದರಿಂದ ಪೈಪ್ ಮೊದಲು ಎಳೆಯುವುದು ಆ ನೀರನ್ನೇ. ಹಾಗಾಗಿ ಮೋಟಾರ್ ಎತ್ತಿಡುವ ಮೊದಲು ಟ್ಯಾಂಕ್ ಪೂರ್ತಿ ತುಂಬಿಸಿಡಿ. ಮತ್ತೆ ಇಳಿಸುವ ಮೊದಲು ತಳದ ಆಯಿಲ್ ಸ್ವಲ್ಪ ತೆಗೆದು ಗಾಜಿನ ಲೋಟದಲ್ಲಿ ನೋಡಿ. ಕನೆಕ್ಟರುಗಳನ್ನು ಬಿಡಿಸಿ, ಒರೆಸಿ, ಗ್ರೀಸ್ ಹಚ್ಚಿ ಸಿಕ್ಕಿಸಿ. ಇಲಿ ಕಚ್ಚಿದ ವೈರ್ ಇದ್ದರೆ ಆಗಲೇ ಕಾಣುತ್ತದೆ.

ರಿಪೇರಿ ಆದ ಮೇಲೆ ನೇರ ಕಡಲಿಗೆ ಹೋಗಬೇಡಿ. ಹೊಳೆಯಲ್ಲಿ, ದಡದ ಹತ್ತಿರ, ಆಯಿಲ್ ಕಲಸಿದ ಪೆಟ್ರೋಲಿನಲ್ಲಿ ಅರ್ಧ ಗಂಟೆ ಎಲ್ಲ ವೇಗದಲ್ಲೂ ಓಡಿಸಿ. ಟ್ಯಾಂಕಿನ ಟೇಪ್ ಗುರುತು ನೋಡಿ. ಆಯಿಲ್ ಇಳಿದಿದ್ದರೆ ಮಾತ್ರ ಬರೀ ಪೆಟ್ರೋಲಿಗೆ ಬದಲಾಯಿಸಿ. ಗುರುತು ಅಲ್ಲೇ ನಿಂತಿದ್ದರೆ ಮತ್ತೆ ಪಂಪಿನ ಲಿವರಿನಿಂದ ಶುರು ಮಾಡಿ.